ಪ್ರೀಕ್ವೆಲ್ ಕಟ್ಟೋದು ಹೇಗೆ? ಕಲಾ ನಿರ್ದೇಶಕರ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಮ್ಮ ಮೈಸೂರು-ಮಂಡ್ಯ ಸಿನಿಮಾ ಗುಂಪಲ್ಲಿ ಇವತ್ತು ಕಲಾ ನಿರ್ದೇಶಕರೊಬ್ಬರು ಇದ್ದಾರೆ. ವಿಷಯ 2023ರ ಹಂಗರ್ ಗೇಮ್ಸ್ ಪ್ರೀಕ್ವೆಲ್ (ಮೊದಲ ಚಿತ್ರಕ್ಕಿಂತ ಹಿಂದೆ ನಡೆದ ಕಥೆ), ‘ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್’. ಹಂಗರ್ ಗೇಮ್ಸ್ ಅಂದ್ರೆ, ರಾಜಧಾನಿಯವರು ಜಿಲ್ಲೆಗಳ ಮಕ್ಕಳನ್ನ ಅಖಾಡಕ್ಕೆ ಬಿಟ್ಟು ಸಾಯೋವರೆಗೂ ಹೊಡೆದಾಡಿಸಿ ಟಿವಿಯಲ್ಲಿ ತೋರಿಸೋ ಕಥೆಯ ಸರಣಿ. ಒಬ್ಬರಿಗೆ ಒಂದೇ ಪ್ರಶ್ನೆ.

ಸರಸ್ವತಿಪುರಂ: ಸರ್, ಕಥೆ ಮೊದಲ ಚಿತ್ರಕ್ಕಿಂತ 64 ವರ್ಷ ಹಿಂದಿನದು. ಆದ್ರೂ ನಮಗೆ ಅದು ಮುಂದೆ ಬರೋ ಕಾಲ. ಬರದೇ ಇರೋ ಕಾಲದ ಹಳೇತನ ಹೇಗೆ ತೋರಿಸ್ತಾರೆ?

ಕಲಾ ನಿರ್ದೇಶಕ: ನಿಜವಾಗಿ ಹಳೇದಾಗಿರೋ ಜಾಗಗಳನ್ನ ಹುಡುಕಿದ್ದಾರೆ ಮೇಡಂ. ಯುದ್ಧ ಮುಗಿದು ಇನ್ನೂ ಚೇತರಿಸಿಕೊಳ್ತಿರೋ ರಾಜಧಾನಿ ಬೇಕಿತ್ತು, ಪೋಲೆಂಡ್, ಜರ್ಮನಿಗೆ ಹೋದರು. ಅಖಾಡ ಅಂತ ಕಾಣೋದು ಪೋಲೆಂಡಿನ ವ್ರೊತ್ಸ್ವಾಫ್ ನಗರದ ಸೆಂಟೆನಿಯಲ್ ಹಾಲ್. 1913ರ ಕಾಂಕ್ರೀಟ್ ಗುಮ್ಮಟ, ಯುನೆಸ್ಕೋ ಪಟ್ಟಿಯಲ್ಲಿದೆ. ಗಣಿ ಕಾರ್ಮಿಕರ 12ನೇ ಜಿಲ್ಲೆಗೆ ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ಮುಚ್ಚಿಹೋದ ಕಬ್ಬಿಣದ ಕಾರ್ಖಾನೆ. ಮೊದಲ ಚಿತ್ರದಲ್ಲಿ ಆಟ ನಡೆಸೋರು ಅಖಾಡದ ಇಡೀ ಕಾಡನ್ನೇ ಕೂತಲ್ಲಿಂದ ಆಡಿಸ್ತಿದ್ದರಲ್ಲ, ಇಲ್ಲಿ ಅಖಾಡ ಅಂದ್ರೆ ಒಂದು ಕಟ್ಟಡ, ಕೆಲವು ಕ್ಯಾಮೆರಾ, ಹಳೇ ಟಿವಿ ಪೆಟ್ಟಿಗೆ. ಕ್ರೌರ್ಯ ಆಗಲೇ ಇದೆ, ಅದಕ್ಕಿನ್ನೂ ಥಳಕು ಬಂದಿಲ್ಲ. ವಿನ್ಯಾಸ ಮಾಡಿದ ಉಲಿ ಹನಿಷ್ ಅವರ ಗೆಲುವು ಅಲ್ಲಿದೆ.

ಹೆಬ್ಬಾಳು: ಬಜೆಟ್ ಎಷ್ಟು ಸರ್?

ಕಲಾ ನಿರ್ದೇಶಕ: ಸುಮಾರು 10 ಕೋಟಿ ಡಾಲರ್.

ಶ್ರೀರಂಗಪಟ್ಟಣ: ನಾಯಕಿ ನಿಜವಾಗ್ಲೂ ಹಾಡಿದಾರಾ? ಕನ್ನಡಕ್ಕೆ ಡಬ್ ಆಗುತ್ತಾ?

ಕಲಾ ನಿರ್ದೇಶಕ: ಹೌದು, ರೇಚಲ್ ಝೆಗ್ಲರ್ ಸೆಟ್‌ನಲ್ಲೇ ಹಾಡಿದ್ದು.

ಮದ್ದೂರು ಹೈದ: ಅಣ್ಣ, ನಾವು ಹೈಕ್ಳು ಸೇರ್ಕೊಂಡು ಇಂಥದ್ದೇ ಒಂದ್ ಶಾರ್ಟ್ ಫಿಲಂ ಮಾಡ್ತಿದೀವಿ. ನಾಲೆ ನೀರು ಪೂರಾ ಒಂದು ಕಂಪ್ನಿ ಕೈಗೆ ಹೋಗಿರೋ ಕಾಲ, ಅದು ಹೆಂಗ್ ಶುರುವಾಯ್ತು ಅನ್ನದೇ ಕತೆ. ಕಬ್ಬಿನ ಗದ್ದೆ ಪಕ್ಕ ಒಂದು ಪಾಳು ಆಲೆಮನೆ ಅದೆ, ಬಾಂಬ್ ಬಿದ್ದಂಗೆ ಕಾಣ್ಬೇಕು. ಕಿಟಕಿಗೆಲ್ಲ ಗೋಣಿಚೀಲ ಕಟ್ಟಿ ಕತ್ಲೆ ಮಾಡಿದೀವಿ. ಟೈರ್ ಸುಟ್ರೆ ಕಪ್ಪು ಹೊಗೆ, ಸಕ್ಕರೆಗೆ ಏನೋ ಪುಡಿ ಬೆರೆಸಿ ಹಚ್ಚಿದ್ರೆ ಬಿಳಿ ಹೊಗೆ ಅಂತ ವಾಟ್ಸಾಪಲ್ಲಿ ಬಂದದೆ. ಎಷ್ಟೆಷ್ಟು ಹಾಕ್ಬೇಕು?

ಕಲಾ ನಿರ್ದೇಶಕ: ಮೊದಲು ಆ ಗೋಣಿಚೀಲ ಬಿಚ್ಚಪ್ಪ, ಇವತ್ತೇ. 1989ರ ಫೆಬ್ರವರಿ 8ರಂದು ನಮ್ಮ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, ಟಿಪ್ಪು ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಹತ್ತಿ 62 ಜನ ಸತ್ತರು. ಸಡಿಲ ವೈರಿಂಗು, ಗಾಳಿ ಆಡೋಕೆ ಕಿಂಡಿ ಇಲ್ಲ, ಮೇಲೆ ದೊಡ್ಡ ಲೈಟುಗಳ ಕಾವು, ಬೆಂಕಿ ತಡೆಯೋ ಸಾಮಗ್ರಿ ಇರಬೇಕಾದ ಕಡೆ ಗೋಣಿಚೀಲ. ನೀವು ಕಟ್ಟಿರೋದೂ ಅದನ್ನೇ. ಜೊತೆಗೆ ನಿಮ್ಮಲ್ಲಿ ನೆಲದ ತುಂಬ ಒಣ ಸಿಪ್ಪೆ, ಹೊರಗೆ ಕಬ್ಬಿನ ತರಗು.

ಟೈರ್ ಹೊಗೆ ವಿಷ. ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿ ಬೀಳ್ತೀರಿ. ಆ ಪುಡಿ ಯಾವುದು ಅಂತ ನನಗೆ ಗೊತ್ತು, ಅಳತೆ ಹೇಳಲ್ಲ. ಬಾಣಲೆಯಲ್ಲಿ ಕಾಯಿಸುವಾಗಲೇ ಭಗ್ ಅಂತ ಹತ್ತಿಕೊಳ್ಳುತ್ತೆ, ಕೈ ಮುಖ ಎರಡೂ ಹೋಗುತ್ತೆ. ಅದನ್ನ ಫಾರ್ವರ್ಡ್ ಮಾಡಿದವರು ಒಂದು ದಿನ ಸೆಟ್ಟಲ್ಲಿ ನಿಂತವರಲ್ಲ.

ಬಾಂಬ್ ಬಿದ್ದಿದ್ದು ಗೊತ್ತಾಗೋಕೆ ಬೆಂಕಿ ಬೇಕಿಲ್ಲ. ಬಿದ್ದು ಎಷ್ಟೋ ದಿನ ಆದಮೇಲೆ ಜನ ಅದರ ಮಧ್ಯೆ ಹೇಗೆ ಬದುಕ್ತಿದ್ದಾರೆ ಅಂತ ತೋರಿಸಿ. ಬೆಲ್ಲ ಕಾಯಿಸೋ ಕೊಪ್ಪರಿಗೆ ಇದ್ದರೆ ಅದರ ತಳದಲ್ಲಿ ಒಂದು ಬೊಗಸೆ ನೀರು, ಅದಕ್ಕೊಬ್ಬ ಕಾವಲುಗಾರ. ನಿಮ್ಮ ಕಥೆ ಪೂರ್ತಿ ಅದರಲ್ಲೇ ಬಂತು. ಧೂಳಿಗೆ ಜರಡಿ ಹಿಡಿದ ಮುಲ್ತಾನಿ ಮಿಟ್ಟಿ, ಮೂಗಿಗೆ ಮಾಸ್ಕ್. ಸಿಮೆಂಟ್, ಮೈದಾ ಎರಚಬೇಡಿ. ಹೊಗೆಗೆ ಫಾಗ್ ಮೆಷಿನ್ ಬಾಡಿಗೆಗೆ ತನ್ನಿ, ನೀರಿನಂಶದ ದ್ರಾವಣ ಹಾಕಿ. ಎರಡು ಬಾಗಿಲು ತೆರೆದಿರಲಿ. ಗೋಡೆ, ಚಾವಣಿ ಗಟ್ಟಿ ಇದೆಯಾ ಅಂತ ಊರಿನ ಗಾರೆ ಮೇಸ್ತ್ರಿಗೆ ತೋರಿಸದೆ ಒಳಗೆ ಕಾಲಿಡಬೇಡಿ.

ಕುವೆಂಪುನಗರ: ಚಿತ್ರವೇ ತಪ್ಪು ಅನ್ಸುತ್ತೆ ನಂಗೆ. ಮುಂದೆ ಸರ್ವಾಧಿಕಾರಿ ಆಗೋ ನಾಯಕ ಸ್ನೋನ ಹರೆಯ, ಹಸಿವು ತೋರ್ಸಿ ಕನಿಕರ ಹುಟ್ಟಿಸ್ತಾರೆ.

ಸರಸ್ವತಿಪುರಂ: ರನ್ನನ ದುರ್ಯೋಧನನಿಗೆ ನಾವು ಮರುಗಲ್ವೇ? ಹಾಗಂತ ಅವನು ಮಾಡಿದ್ದು ಸರಿ ಅಂತೀವಾ?

ಕುವೆಂಪುನಗರ: ರನ್ನನ್ನ ಇಲ್ಲಿಗ್ಯಾಕೆ ಎಳೀತೀರಾ ಮೇಡಂ? ಅಲ್ಲಿ ಅವನು ಸೋತು ನಿಂತಿದ್ದಾನೆ. ಇಲ್ಲಿ ಗೆದ್ದು ಅಧ್ಯಕ್ಷ ಆಗ್ತಾನೆ.

ಸರಸ್ವತಿಪುರಂ: ಗೆಲ್ಲೋಕೆ ಯಾರ್‍ಯಾರನ್ನ ಮಾರ್ಕೊಂಡ ಅಂತಾನೂ ತೋರ್ಸಿದಾರೆ. ಕೊನೇವರೆಗೂ ನೋಡಿದೀರಾ?

ಕುವೆಂಪುನಗರ: ನೋಡಿದೀನಿ. ನಿಮ್ಮಷ್ಟು ಬುದ್ಧಿ ಇಲ್ಲ ಬಿಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ ದಯವಿಟ್ಟು.

ನಂಜನಗೂಡು: ಸರ್, ಫಾರ್ವರ್ಡ್ ಬಂದಿದೆ. ಈ ಸರಣಿಯ ಮುಂದಿನ ಚಿತ್ರಕ್ಕೆ ಮೈಸೂರಲ್ಲಿ ಜೂನಿಯರ್ ಆರ್ಟಿಸ್ಟ್ ಬೇಕಂತೆ, ನೋಂದಣಿಗೆ 2000 ರೂಪಾಯಿ. ನಮ್ಮ ತಂಗಿ ಕಟ್ಟಬಹುದಾ?

ಕಲಾ ನಿರ್ದೇಶಕ: ಕಟ್ಟಬೇಡಿ. ಪಾತ್ರ ಕೊಡೋರು ದುಡ್ಡು ಕೇಳಲ್ಲ. ಕಟ್ಟಿದ್ದರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಶ್ರೀರಂಗಪಟ್ಟಣ: ಡಬ್ಬಿಂಗ್ ವಿಷ್ಯ?

ಬೋಗಾದಿ: ಬಜೆಟ್ ಎಷ್ಟಾಗಿರಬಹುದು?

ಕಲಾ ನಿರ್ದೇಶಕ: ಮೇಲೆ ಓದಿ.

ಬೋಗಾದಿ: ಕೇಳಿದ್ರೆ ಇಷ್ಟು ಸಿಟ್ಟಾ? ಉತ್ತರ ಕೊಡೋಕೆ ಅಲ್ವಾ ಕರೆಸಿರೋದು?

ಮದ್ದೂರು ಹೈದ: ಅಣ್ಣ, ಗೋಣಿಚೀಲ ಬಿಚ್ಚಿಸ್ದೆ. ಮೇಸ್ತ್ರಿನ ನಾಳೆ ಕರ್ಕೊಂಡೋಯ್ತೀವಿ. ಪಂಜು ಹಿಡ್ಕೊಂಡು ಓಡೋ ಸೀನ್ ಒಂದದೆ, ಸೀಮೆಎಣ್ಣೆ ಪಂಜು ಒಂದೇ ಒಂದು ಹಚ್ಚಬೋದಾ?

ಕಲಾ ನಿರ್ದೇಶಕ: ಆ ಗದ್ದೆ ಪಕ್ಕ ಒಂದೂ ಬೇಡ. ಬ್ಯಾಟರಿ ಬಲ್ಬಿಗೆ ಕಿತ್ತಳೆ ಬಣ್ಣದ ಜೆಲ್ ಹಾಳೆ (ಲೈಟಿಗೆ ಬಣ್ಣ ಕೊಡೋ ಪಾರದರ್ಶಕ ಹಾಳೆ) ಸುತ್ತಿ, ಕ್ಯಾಮೆರಾದಿಂದ ದೂರ ಓಡಿಸಿ. ಮೇಸ್ತ್ರಿ ಏನಂದ್ರು ಅಂತ ನಾಳೆ ನನಗೆ ನೇರ ಮೆಸೇಜ್ ಮಾಡಪ್ಪ. ಇಲ್ಲಿ ಬೇರೆಯವರಿಗೆ ಇವತ್ತಿಗೆ ಇಷ್ಟೇ.