ಕಾರಿಲ್ಲ, ಮೂರು ದಿನ ರಜೆ: ಕರಾವಳಿಯ ಯಾವ ಬೀಚಿಗೆ ಹೋಗೋಣ?

ಪ್ರಶ್ನೆ: ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಹೊರಡುತ್ತಿದ್ದೇವೆ. ನಾನು, ಹೆಂಡತಿ, ಮಂಡಿನೋವಿನ ಅಮ್ಮ, ಐದು ವರ್ಷದ ಮಗಳು. ಕಾರಿಲ್ಲ. ಚೆಂದದ ಬೀಚು ಯಾವುದು, ಹೇಗೆ ತಲುಪೋದು? ಹೋಗಿ ಬಂದವರು ಹೇಳಿ.

ಕುಂದಾಪುರದ ಕಡೆಯವನು: ಮೊದಲು ಪಂಚಗಂಗಾ ರೈಲಿಗೆ ಟಿಕೆಟ್ ಮಾಡಿ. ಸಂಜೆ ಬೆಂಗಳೂರು ಬಿಡುತ್ತದೆ, ನೀವು ಮಲಗಿರುವಾಗಲೇ ಘಾಟಿ ಇಳಿದು ಕತ್ತಲಿರುವಾಗಲೇ ಉಡುಪಿ, ಕುಂದಾಪುರ ಮುಟ್ಟುತ್ತದೆ. ಅಲ್ಲಿಂದ ಮುಂದೆ ಬೈಂದೂರು, ಮುರುಡೇಶ್ವರ, ಗೋಕರ್ಣ ರೋಡ್ ಎಲ್ಲ ಅದೇ ರೈಲಿನ ದಾರಿಯಲ್ಲೇ ಸಿಗುತ್ತವೆ. ಎಲ್ಲಿ ಇಳಿಯಬೇಕು ಅನ್ನುವುದಷ್ಟೇ ನಿಮ್ಮ ತಲೆನೋವು.

ನನ್ನ ಓಟು ಮರವಂತೆಗೆ. ಊರವನು ಅಂತ ಹೇಳುತ್ತಿಲ್ಲ! ಕುಂದಾಪುರ ಬಸ್ ಸ್ಟ್ಯಾಂಡಿನಲ್ಲಿ ಬೈಂದೂರಿನ ಬಸ್ ಹತ್ತಿ. ಎಡಗಡೆ ಕಿಟಕಿಗೆ ಕೂತರೆ ಸಮುದ್ರ, ಬಲಗಡೆ ಕೂತರೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ ಮಾತ್ರ. ನನ್ನ ಅತ್ತೆ ಮೊದಲ ಸಲ ಬಂದಾಗ ಬಸ್ಸಿನಲ್ಲೇ ಎದ್ದು ನಿಂತು ಆ ಕಡೆ ಈ ಕಡೆ ನೋಡುತ್ತಿದ್ದರು. ಕಂಡಕ್ಟರ್ ನಕ್ಕು, "ಕೂತ್ಕೊಳ್ಳಿ ಅಮ್ಮ, ಇನ್ನೂ ಇದೆ" ಅಂದ. ಆದರೆ ಅದು ನೋಡುವ ಬೀಚು, ಆಡುವ ಬೀಚಲ್ಲ. ದಡದುದ್ದಕ್ಕೂ ಕಡಲ್ಕೊರೆತಕ್ಕೆ ಬಂಡೆ ಹಾಕಿದ್ದಾರೆ, ಅಲೆ ಜೋರು. ರಸ್ತೆಯಲ್ಲಿ ಲಾರಿಗಳು ಹಾರಿಕೊಂಡು ಬರುತ್ತವೆ, ಮಗಳ ಕೈ ಬಿಡಬೇಡಿ.

ಗೋಕರ್ಣಕ್ಕೆ ನಾಲ್ಕು ಸಲ ಹೋದವಳು: ಅಮ್ಮನಿಗೆ ಮಂಡಿನೋವು ಅಂದರೆ ಓಂ ಬೀಚಿಗೆ ಮೊದಲು ಯೋಚನೆ ಮಾಡಿ. ಆಟೋ ಮೇಲಿನವರೆಗೆ ಹೋಗುತ್ತದೆ, ಆಮೇಲೆ ಮೆಟ್ಟಿಲು. ಇಳಿಯುವಾಗ ನಮ್ಮಮ್ಮ ಖುಷಿಯಾಗಿಯೇ ಇಳಿದರು. ಹತ್ತುವಾಗ ಪ್ರತಿ ಹತ್ತು ಮೆಟ್ಟಿಲಿಗೊಮ್ಮೆ ಕೂತು, "ಯಾರ ಐಡಿಯಾ ಇದು?" ಅಂತ ನನ್ನನ್ನೇ ನೋಡಿದರು. ಹಾಫ್ ಮೂನ್, ಪ್ಯಾರಡೈಸ್‌ಗೆ ಗುಡ್ಡದ ಕಾಲುದಾರಿ ಇಲ್ಲವೇ ದೋಣಿ, ಅದು ನಿಮಗೆ ಬೇಡವೇ ಬೇಡ. ಮಹಾಬಲೇಶ್ವರ ದೇವಸ್ಥಾನದ ಹಿಂದಿರುವ ಊರಿನ ಬೀಚೇ ಸಾಕು. ಸಪಾಟು ಮರಳು, ಅಮ್ಮನಿಗೆ ದರ್ಶನವೂ ಆಯಿತು. ಸ್ಟೇಷನ್ನಿನಿಂದ ಊರು ಸುಮಾರು 10 ಕಿಲೋಮೀಟರ್. ಆಟೋದವರ ಹತ್ತಿರ ಹತ್ತುವ ಮೊದಲೇ ರೇಟು ಮಾತಾಡಿ.

ಉಡುಪಿಯಲ್ಲಿ ಓದಿದವನು: ಮಗುವಿಗಾದರೆ ಮಲ್ಪೆ. ಉಡುಪಿಯಿಂದ ಸಿಟಿ ಬಸ್ಸಿದೆ, ಅರ್ಧ ಗಂಟೆಯೂ ಬೇಡ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ. ಲಾವಾ ತಣಿದು ಆದ ಕಲ್ಲಿನ ಕಂಬಗಳು ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ ಕಾಣುತ್ತವೆ. ಮರಳಿಗಿಂತ ಚಿಪ್ಪೇ ಜಾಸ್ತಿ, ಚಪ್ಪಲಿ ಬಿಚ್ಚಬೇಡಿ. ದೋಣಿ ಹತ್ತಿ ಇಳಿಯುವಾಗ ಅಲುಗಾಡುತ್ತದೆ, ಅಮ್ಮ ಮಲ್ಪೆ ದಡದಲ್ಲೇ ಕೂತಿರಲಿ. ಮಳೆಗಾಲದಲ್ಲಿ ದೋಣಿ ಬಂದ್, ಡಿಸೆಂಬರಿಗೆ ತೊಂದರೆಯಿಲ್ಲ. ಸಂಜೆ ಬಿಡುವಿದ್ದರೆ ಕಾಪು. 1901ರ ಲೈಟ್‌ಹೌಸ್, ಬಂಡೆಯ ಮೇಲೆ.

ಭಟ್ಕಳದಿಂದ: ಮುರುಡೇಶ್ವರವನ್ನು ಯಾರೂ ಹೇಳಲೇ ಇಲ್ವಲ್ಲ! ಬೀಚು ಗಲಾಟೆ, ಒಪ್ಪುತ್ತೇನೆ. ಆದರೆ 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ. ಮೆಟ್ಟಿಲು ಹತ್ತದೆ ಅಷ್ಟು ಎತ್ತರದಿಂದ ಸಮುದ್ರ ನೋಡಲು ಅಮ್ಮನಿಗೆ ಇನ್ನೆಲ್ಲಿ ಸಿಗಬೇಕು?

ಪ್ರಶ್ನೆ ಕೇಳಿದವನು: ಎಲ್ಲರಿಗೂ ಥ್ಯಾಂಕ್ಸ್. ಮಲ್ಪೆ, ಮರವಂತೆ, ಕೊನೆಗೆ ಮುರುಡೇಶ್ವರ. ಗೋಕರ್ಣ ಅಮ್ಮನ ಮಂಡಿಯನ್ನು ಕೇಳಿ ಆಮೇಲೆ. ರೈಲು ನೋಡಿದೆ, ಹೋಗುವ ದಿನ ವೇಟಿಂಗ್ ಲಿಸ್ಟ್ 40.

ಕುಂದಾಪುರದ ಕಡೆಯವನು: ಅದಕ್ಕೇ ಮೊದಲು ಟಿಕೆಟ್ ಅಂದಿದ್ದು! ಉಡುಪಿಗೆ ರಾತ್ರಿ ಸ್ಲೀಪರ್ ಬಸ್ ಬೇಕಾದಷ್ಟಿವೆ. ಅಮ್ಮನಿಗೆ ಕೆಳಗಿನ ಬರ್ತ್ ಕೇಳಿ, ವಾಪಸ್ಸಿಗಾದರೂ ಇವತ್ತೇ ರೈಲು ಬುಕ್ ಮಾಡಿ.