ಪುಟ್ಟಾ, ಕಾರ್ನೆಟ್ ವಿಷಯ ಪೂರ್ತಿ ಕೇಳಿಸ್ಕೋ

ಪುಟ್ಟಾ, ಇದು ಎರಡು ಸಾಲಲ್ಲಿ ಟೈಪ್ ಮಾಡಿ ಮುಗಿಸೋ ವಿಷಯ ಅಲ್ಲ, ಅದಕ್ಕೇ ವಾಯ್ಸ್ ಕಳಿಸ್ತಿದ್ದೀನಿ. ಕಾರ್ನೆಟ್ ಅಂದ್ರೆ ಗಾಡೀನ ಆಮದು ಸುಂಕ ಕಟ್ಟದೆ ಸ್ವಲ್ಪ ದಿನಕ್ಕೆ ಬೇರೆ ದೇಶಗಳಿಗೆ ತಗೊಂಡು ಹೋಗೋಕೆ ಕೊಡೋ ಕಸ್ಟಮ್ಸ್ ಪುಸ್ತಕ, ಅದಕ್ಕೆ ಇಲ್ಲಿ ದುಡ್ಡಿನ ಜಾಮೀನು ಇಡಬೇಕು. ಅಕ್ಕಾ, ನೀನೂ ಕೇಳು, ಆ ಜಾಮೀನಿನ ಮಾತು ಬರುತ್ತೆ. ನೀನು ಕೇಳಿದ್ದು ಇಷ್ಟು: ಬೈಕನ್ನ ಮುಂಬೈಯಿಂದ ಹಡಗಲ್ಲಿ ಮೊಂಬಾಸಾಗೆ ಕಳಿಸಿ, ಕೀನ್ಯಾ, ಟಾಂಜಾನಿಯಾ, ಜಾಂಬಿಯಾ, ಬೋಟ್ಸ್ವಾನಾ, ನಮೀಬಿಯಾ ದಾಟಿ ಕೇಪ್‌ಟೌನ್ ಮುಟ್ಟೋಕೆ ಕಾರ್ನೆಟ್ 5 ಹಾಳೇದು ಸಾಕಾ, 10 ಹಾಳೇದು ಬೇಕಾ ಅಂತ. 10 ಹಾಳೇದೇ ತಗೋ.

ಲೆಕ್ಕ ನೋಡು. ಕೀನ್ಯಾಗೆ ಒಂದು, ಟಾಂಜಾನಿಯಾಗೆ ಒಂದು, ಜಾಂಬಿಯಾಗೆ ಒಂದು. ಬೋಟ್ಸ್ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾ ಒಂದೇ ಕಸ್ಟಮ್ಸ್ ಒಕ್ಕೂಟ, ಲೆಸೋಥೋ ಎಸ್ವಾಟಿನಿ ಸೇರಿ ಐದು ದೇಶ. ಬೋಟ್ಸ್ವಾನಾಗೆ ಕಾಲಿಡುವಾಗ ಒಳಸೀಲು, ದಕ್ಷಿಣ ಆಫ್ರಿಕಾ ಬಿಡುವಾಗ ಹೊರಸೀಲು, ಅಷ್ಟಕ್ಕೂ ಒಂದೇ ಹಾಳೆ. ಒಟ್ಟು ನಾಲ್ಕಾಯ್ತು. ಆದ್ರೆ ಜಾಂಬಿಯಾದ ಲಿವಿಂಗ್‌ಸ್ಟನ್‌ಗೆ ಹೋದಮೇಲೆ ವಿಕ್ಟೋರಿಯಾ ಜಲಪಾತವನ್ನ ಜಿಂಬಾಬ್ವೆ ಕಡೆಯಿಂದಲೂ ನೋಡೋಣ ಅಂತ ಬೈಕಲ್ಲೇ ಸೇತುವೆ ದಾಟಿದ್ರೆ ಅದಕ್ಕೊಂದು, ಜಾಂಬಿಯಾಗೆ ವಾಪಸ್ ಬಂದ್ರೆ ಇನ್ನೊಂದು. ಅಲ್ಲಿಗೆ ಆರು. ಒಮ್ಮೆ ಬಿಟ್ಟ ದೇಶಕ್ಕೆ ಮತ್ತೆ ಹೋದ್ರೆ ಹೊಸ ಹಾಳೆನೇ ಬೇಕು.

ಇನ್ನು ಆ ಹಾಳೆ ಕೆಲಸ ಮಾಡೋ ರೀತಿ, ಇದೇ ಮುಖ್ಯ. ಒಂದು ಹಾಳೇಲಿ ಮೂರು ತುಂಡು. ಒಳಗೆ ಹೋಗುವಾಗ ಕಸ್ಟಮ್ಸ್‌ನವರು ಕೆಳಗಿನ ತುಂಡು ಹರ್ಕೊಂಡು, ಮೇಲಿನ ತುಂಡಿನ ಒಂದು ಪಕ್ಕ ಸೀಲ್ ಹಾಕ್ತಾರೆ. ಹೊರಗೆ ಹೋಗುವಾಗ ಮಧ್ಯದ ತುಂಡು ಹರ್ಕೊಂಡು, ಮೇಲಿನದರ ಇನ್ನೊಂದು ಪಕ್ಕ ಸೀಲ್ ಹಾಕ್ತಾರೆ. ಮೇಲಿನ ತುಂಡು ನಿನ್ನ ಹತ್ರನೇ ಉಳಿಯುತ್ತೆ. ಅದರಲ್ಲಿ ಹೊರಸೀಲು ಇಲ್ಲ ಅಂದ್ರೆ ಆ ದೇಶದ ದೃಷ್ಟಿಯಲ್ಲಿ ನೀನು ಗಾಡೀನ ಅಲ್ಲೇ ಮಾರಿದ್ದೀಯ ಅಂತ ಅರ್ಥ. ಅವರು ಆಮದು ಸುಂಕ ಕೇಳ್ತಾರೆ, ಇಲ್ಲಿ ಅಕ್ಕ ಇಡೋ ಜಾಮೀನು ಬಿಡುಗಡೆ ಆಗಲ್ಲ.

ಈ ಸೀಲು ತಪ್ಪೋದು ಎಲ್ಲಿ ಗೊತ್ತಾ? ಕೀನ್ಯಾ–ಟಾಂಜಾನಿಯಾ ನಡುವಿನ ನಮಾಂಗಾದಂಥ ಜಂಟಿ ಗಡಿಕಟ್ಟೆಗಳಲ್ಲಿ. ಅಲ್ಲಿ ಎರಡೂ ದೇಶದ ಅಧಿಕಾರಿಗಳು ಒಂದೇ ಕಟ್ಟಡದಲ್ಲಿ ಕೂತಿರ್ತಾರೆ, ನೀನು ಹೋಗೋ ದೇಶದ ಕಡೆಯ ಕಟ್ಟಡದಲ್ಲಿ. ಕೀನ್ಯಾ ಬಿಡೋವಾಗ ಟಾಂಜಾನಿಯಾ ಕಡೆ ಕಟ್ಟಡಕ್ಕೆ ಹೋಗ್ತೀಯ. ಪಾಸ್‌ಪೋರ್ಟಿಗೆ ಎರಡು ಸೀಲು ಬಿದ್ದ ಕೂಡಲೇ ಕೆಲಸ ಮುಗೀತು ಅನ್ಸುತ್ತೆ. ಮುಗಿದಿಲ್ಲ. ಕೀನ್ಯಾ ಕಸ್ಟಮ್ಸ್ ಕಿಟಕಿ ಹುಡುಕಿ ಹೊರಸೀಲು ಹಾಕಿಸ್ಕೋ, ಆಮೇಲೇ ಟಾಂಜಾನಿಯಾ ಕಸ್ಟಮ್ಸ್. ಪಾಸ್‌ಪೋರ್ಟಲ್ಲಿ ಎರಡು, ಕಾರ್ನೆಟಲ್ಲಿ ಎರಡು, ಒಟ್ಟು ನಾಲ್ಕು ಸೀಲು ಎಣಿಸಿ, ತಾರೀಕು, ಸಹಿ, ಗಡಿಯ ಹೆಸರು ಓದೋ ಹಾಗಿದೆಯಾ ನೋಡಿ, ಮೊಬೈಲಲ್ಲಿ ಫೋಟೋ ತಗೊಂಡು ಆಮೇಲೆ ಕಿಕ್ ಹೊಡಿ. 2021ರಲ್ಲಿ ಶುರುವಾದ ಕಜುಂಗುಲಾ ಸೇತುವೆ ದಾಟಿ ಜಾಂಬಿಯಾದಿಂದ ಬೋಟ್ಸ್ವಾನಾಗೆ ಹೋಗುವಾಗಲೂ ಇದೇ ಕ್ರಮ. ಟಾಂಜಾನಿಯಾ–ಜಾಂಬಿಯಾ ನಡುವಿನ ತುಂಡುಮಾ–ನಕೊಂಡೆ ಗಡೀಲಿ ಲಾರಿಗಳ ಸಾಲು ಉದ್ದ ಇರುತ್ತೆ, ಬೈಕನ್ನ ಪಕ್ಕದಿಂದ ಮುಂದೆ ತಗೊಂಡು ಹೋಗು. ಅಲ್ಲಿ ಸಹಾಯಕ್ಕೆ ಬರೋ ಏಜೆಂಟರ ಕೈಗೆ ಮಾತ್ರ ಕಾರ್ನೆಟ್ ಕೊಡಬೇಡ.

ಕೊನೇ ಗಂಡಾಂತರ ಕೇಪ್‌ಟೌನಲ್ಲಿ. ಬೈಕನ್ನ ಹಡಗಿನ ಏಜೆಂಟ್‌ಗೆ ಒಪ್ಪಿಸಿ ನೀನು ವಿಮಾನ ಹತ್ತಿಬಿಟ್ರೆ ಹೊರಸೀಲು ಯಾರು ಹಾಕಿಸ್ತಾರೆ? ಸೀಲು ಬಿದ್ದ ಹಾಳೆ ಕೈಗೆ ಬಂದಮೇಲೇ ಟಿಕೆಟ್ ತಗೋ. ಅಕಸ್ಮಾತ್ ಎಲ್ಲೋ ಒಂದು ಸೀಲು ತಪ್ಪಿದ್ರೂ ಎದೆಗುಂದಬೇಡ. ಗಾಡಿ ಊರಿಗೆ ಬಂದಮೇಲೆ ಕಸ್ಟಮ್ಸ್‌ನವರಿಗೆ ಗಾಡೀನೇ ತೋರಿಸಿ, ಇದು ಇಲ್ಲಿದೆ ಅಂತ ಕಾರ್ನೆಟ್ ಕೊನೇಲಿರೋ ಪ್ರಮಾಣಪತ್ರಕ್ಕೆ ಸಹಿ ಹಾಕಿಸಬಹುದು. ಅಲೆದಾಟ ಜಾಸ್ತಿ, ಆದ್ರೆ ದಾರಿ ಇದೆ.

ವಿಮೆ: ಇಲ್ಲಿನ ಪಾಲಿಸಿ ಅಲ್ಲಿ ನಡೆಯಲ್ಲ. ಕೀನ್ಯಾದಲ್ಲಿ ಥರ್ಡ್ ಪಾರ್ಟಿ ಜೊತೆ ಕೊಮೆಸಾ ಯೆಲ್ಲೋ ಕಾರ್ಡ್, ಅಂದ್ರೆ ಆ ಭಾಗದ ಹಲವು ದೇಶಗಳಲ್ಲಿ ನಡೆಯೋ ಥರ್ಡ್ ಪಾರ್ಟಿ ವಿಮೆ ಕಾರ್ಡ್ ತಗೋ, ಟಾಂಜಾನಿಯಾ, ಜಾಂಬಿಯಾ, ಜಿಂಬಾಬ್ವೆಗೆ ನಡೆಯುತ್ತೆ. ನಿನ್ನ ಗಾಡಿ ಜಖಂ ಆದ್ರೆ ಅದು ಕೊಡಲ್ಲ. ಬೋಟ್ಸ್ವಾನಾದಿಂದ ಶುರುವಾಗಿ ಮುಂದಕ್ಕೆ ಅದು ಲೆಕ್ಕಕ್ಕಿಲ್ಲ, ಬೋಟ್ಸ್ವಾನಾ ಗಡೀಲಿ ಬೇರೆ ಕಟ್ಟಬೇಕು.

ಹಡಗಿಗೆ ಹಾಕೋಕೆ ಬೈಕಿಗೆ ಪೆಟ್ಟಿಗೆ ಕಟ್ಟಿಸೋವಾಗ ಮರಕ್ಕೆ ಶಾಖೋಪಚಾರದ ಮುದ್ರೆ, ಅಂದ್ರೆ ಹುಳ ಸಾಯೋ ಹಾಗೆ ಬಿಸಿ ಮಾಡಿದ ಗುರುತು ಇರಲಿ, ಪೆಟ್ರೋಲ್ ಪೂರ್ತಿ ಇಳಿಸು, ಬ್ಯಾಟರಿ ವೈರ್ ಬಿಚ್ಚು. ನಂಬರ್ ಪ್ಲೇಟ್ ಕನ್ನಡದಲ್ಲಿದ್ರೆ ಇಂಗ್ಲಿಷ್‌ದು ಹಾಕಿಸು, ಪಕ್ಕದಲ್ಲಿ ಐಎನ್‌ಡಿ ಅನ್ನೋ ಮೊಟ್ಟೆಯಾಕಾರದ ಸ್ಟಿಕರ್.

ಹಳದಿ ಜ್ವರದ ಲಸಿಕೆ ಹೊರಡೋಕೆ 10 ದಿನ ಮೊದಲೇ ಹಾಕಿಸ್ಕೋ, ಅಷ್ಟು ದಿನ ಆಗದೆ ಆ ಕಾರ್ಡು ಊರ್ಜಿತ ಆಗಲ್ಲ. ಕೀನ್ಯಾದಂಥ ಹಳದಿ ಜ್ವರದ ಪಟ್ಟೀಲಿರೋ ದೇಶದಿಂದ ನೇರವಾಗಿ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಅದನ್ನ ಕೇಳ್ತಾರೆ, ಇಲ್ಲದಿದ್ರೆ ಕ್ವಾರಂಟೈನ್.

ಸದ್ಯಕ್ಕೆ ಎರಡು ಕೆಲಸ ಮಾಡು. ಆರ್‌ಸಿಯಲ್ಲಿ ಲೋನ್ ಇನ್ನೂ ಕಾಣಿಸ್ತಿದ್ರೆ ಬ್ಯಾಂಕಿಂದ ಎನ್‌ಒಸಿ ತಗೋ. ಚಾಸಿಸ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಇಂಜಿನ್ ನಂಬರ್ ಫೋಟೋ ಜೊತೆ ಇಲ್ಲಿಗೇ ಹಾಕು. ಆರ್‌ಸಿಯಲ್ಲಿರೋದರ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ ಆಮೇಲೆ ಕಾರ್ನೆಟ್ ಅರ್ಜಿ ತುಂಬೋಣ.