ನಾಲ್ಕು ಕೋಟಿನ ಬರೀ ಮೈ

"ಲೋಟ ಎಲ್ ಮಡಗ್ಲಿ ಯೋಳ್ಲಾ, ಕೈ ಸುಡ್ತಾ ಅದೆ," ಅಂದ ಪುಟ್ಸಾಮಿ.

"ಮೇಜೊಂದು ಬಿಟ್ಟು ಎಲ್ಲಾದ್ರೂ ಇಡು," ಅಂದ ಶೀನ.

"ಯಾಕ್ಲಾ, ಇನ್ನೂ ಒಣಗಿಲ್ವಾ?"

"ಒಣಗೋದು ಬೇರೆ, ಗಟ್ಟಿಯಾಗೋದು ಬೇರೆ. ಒಣಗೋಕೆ ಒಂದೆರಡು ಗಂಟೆ ಸಾಕು. ಪೂರ್ತಿ ಗಟ್ಟಿಯಾಗೋಕೆ ಮೂರ್ನಾಲ್ಕು ವಾರ."

ಹಾಗಾಗಿ ಮೈಸೂರಿನ ಚಾಮುಂಡಿಪುರದಲ್ಲಿ ಶೀನನ ಮನೆಯ ಹಜಾರದ ನಟ್ಟನಡುವೆ ತೇಗದ ಮೇಜು ಮಡಿಯಲ್ಲಿ ನಿಂತಿತ್ತು. ಅದರ ಸುತ್ತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕಾಫಿ ಸಮಾರಾಧನೆ. ವೆಂಕಣ್ಣ ಮಂಡಿ ಹಿಡಿದುಕೊಂಡು ಎದ್ದ, ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದ.

"ಏನು ಹಚ್ಚಿದೀಯೋ ಇದಕ್ಕೆ?"

"ವಾಟರ್ ಬೇಸ್ ಪಿಯು. ಅಂದ್ರೆ ಪಾಲಿಯುರೆಥೇನ್, ನೀರಲ್ಲಿ ಕಲೆಸಿರೋ ವಾರ್ನಿಶ್. ಮ್ಯಾಟ್ ಫಿನಿಶ್, ಹೊಳಪಿಲ್ಲದ್ದು."

"ಎಲ್ಲಿ?"

"ಅದೇ ವಿಶೇಷ. ಹಚ್ಚಿರೋದು ಕಾಣಲ್ಲ. ನ್ಯಾಚುರಲ್ ಲುಕ್ಕು."

"ಎಷ್ಟು ಕೋಟು?"

"ನಾಲ್ಕು."

"ಮೊದಲನೇ ಕೋಟು ಕಾಣ್ತಿತ್ತಾ?"

"ಇಲ್ಲ."

"ಮತ್ತೆ ಇನ್ನು ಮೂರು ಯಾಕಪ್ಪಾ?"

"ರಕ್ಷಣೆ ಬೇಡ್ವೇ?"

"ಬೇಕು. ಏನೂ ಹಚ್ಚಿಲ್ಲ ಅಂತ ಜನ ನಂಬೋ ಹಾಗೆ ನಾಲ್ಕು ಸಲ ಹಚ್ಚಿದೀಯ. ನಮ್ಮನೇದಕ್ಕೆ ನಾನು ನಿಜವಾಗ್ಲೂ ಏನೂ ಹಚ್ಚಿಲ್ಲ. ಅದನ್ನ ನೋಡಿ ನೀನೇ ಅಲ್ವೇನೋ, 'ಒಂದಿಷ್ಟು ಪಾಲಿಶ್ ಮಾಡ್ಸಬಾರದಾ' ಅಂದಿದ್ದು?"

ಶೀನ ಇಂಥದ್ದಕ್ಕೆಲ್ಲ ಜಗ್ಗೋ ಪೈಕಿ ಅಲ್ಲ. ಡಬ್ಬ ತೆರೆದಾಗ ಹಾಲಿನ ಹಾಗೆ ಬೆಳ್ಳಗಿರೋದು, ಒಣಗಿದ ಮೇಲೆ ಮಾಯ ಆಗೋದು, ಎಲ್ಲ ವರ್ಣಿಸಿದ. ಡಬ್ಬ ಅಲ್ಲಾಡಿಸಬಾರದಂತೆ, ಗುಳ್ಳೆ ಏಳತ್ತೆ. ಕಡ್ಡಿ ಹಾಕಿ ಮೆಲ್ಲಗೆ ತಿರುವಬೇಕು. ಬ್ರಶ್ಶು ನೈಲಾನಿಂದೇ ಆಗಬೇಕು, ಕೂದಲಿನದಾದ್ರೆ ನೀರು ಕುಡಿದು ಊದಿಕೊಳ್ಳತ್ತೆ. ತೆಳ್ಳಗೆ ಎಳೀಬೇಕು, ಎಳೆದ ಜಾಗಕ್ಕೆ ಮತ್ತೆ ಮತ್ತೆ ಬ್ರಶ್ಶು ತರಬಾರದು. ಕೋಟಿಗೂ ಕೋಟಿಗೂ ಮಧ್ಯೆ 320ನೇ ನಂಬರ್ ಉಪ್ಪುಕಾಗದ, ಅದೂ ಹಗೂರಕ್ಕೆ. ಸ್ಟೀಲ್ ವುಲ್ ಮುಟ್ಟಲೇಬಾರದು. ಅದರ ಚೂರು ಉಳಿದುಬಿಟ್ರೆ ಒಳಗೇ ತುಕ್ಕು ಹಿಡಿದು ಕಪ್ಪು ಚುಕ್ಕಿ.

"ಎಲ್ಲಕ್ಕಿಂತ ಮೊದಲು ಒದ್ದೆ ಬಟ್ಟೇಲಿ ಮರ ಒರೆಸಬೇಕು. ನಾರು ನಿಮಿರಿಕೊಳ್ಳತ್ತೆ. ಒಣಗಿದ ಮೇಲೆ 220ರಲ್ಲಿ ಉಜ್ಜಿಬಿಟ್ರೆ ಮತ್ತೆ ಏಳಲ್ಲ."

ಪುಟ್ಸಾಮಿ ಲೋಟವನ್ನ ಪಂಚೆ ತುದಿಯಲ್ಲಿ ಹಿಡಿದುಕೊಂಡು ಯೋಚನೆ ಮಾಡಿದ. "ತಡೀಲಾ. ನೀರು ತಾಕಬಾರ್ದು ಅಂತ ತಾನೆ ಇದ್ನ ಬಳಿಯೋದು? ಅದ್ಕೆ ಮೊದ್ಲು ನೀರಾಕಿ ಒರೆಸ್ಬುಟ್ಟು, ಆಮೇಲೆ ನೀರ್ನಾಗೆ ಕಲ್ಸಿರೋದ್ನೇ ಬಳೀತಿಯಾ?"

"ನೀರು ಹಾರಿಹೋಗತ್ತೆ ಪುಟ್ಸಾಮಿ," ಅಂದರು ಮೇಷ್ಟ್ರು. "ಅದರಲ್ಲಿ ತೇಲ್ತಿರೋ ರಾಳದ ಕಣಗಳು ಒತ್ತರಿಸಿಕೊಂಡು ಒಂದಕ್ಕೊಂದು ಬೆಸೆದುಕೊಂಡು ಪೊರೆ ಆಗತ್ತೆ. ಆಮೇಲೆ ನೀರು ಹಾಕಿದ್ರೂ ಕರಗಲ್ಲ."

"ಅಂಗಾರೆ ಓಟಿಗೆ ಬರೋರಂಗೆ ಅನ್ನಿ. ಬರೋವಾಗ ನೀರು, ಕೂತ್ಮೇಲೆ ಯಾವ ನೀರ್ಗೂ ಕರಗಾಕಿಲ್ಲ."

"ನಗಬೇಡಿ," ಅಂದ ಶೀನ. "ಆಯಿಲ್ ವಾರ್ನಿಶ್ ಹೊಡೆದಿದ್ರೆ ವಾಸನೆಗೆ ಎರಡು ದಿನ ಮನೇಲಿ ಇರೋಕಾಗ್ತಿರಲಿಲ್ಲ. ವರ್ಷ ಕಳೀತಿದ್ದ ಹಾಗೆ ಹಳದಿ ಬೇರೆ ತಿರುಗತ್ತೆ. ಇದು ತಿರುಗಲ್ಲ."

"ತಿರುಗಿದ್ರೇನೋ?" ಅಂದ ವೆಂಕಣ್ಣ. "ನಿನ್ನ ತಲೆ ನರೆತಿದೆ, ಮೇಷ್ಟ್ರ ಹಲ್ಲು ಹೋಗಿದೆ, ನನ್ನ ಮಂಡಿ ಕಿರ್ರ್ ಅನ್ನತ್ತೆ. ಈ ಮನೇಲಿ ಮೇಜಿಗೊಂದಕ್ಕೇ ವಯಸ್ಸಾಗಬಾರದಾ?"

ಮೇಷ್ಟ್ರಿಗೆ ಊರಿನ ಮಾತು ಜ್ಞಾಪಕಕ್ಕೆ ಬಂತು. ಬಂದರೆ ತಡೆಯೋರು ಯಾರು? "ಅರಗಿನ ಪಾಲಿಶ್ ಇರೋವಾಗ ಇದೆಲ್ಲ ಯಾಕ್ರೀ? 1937ರಲ್ಲಿ, ನಾಲ್ವಡಿಯವರ ಕಾಲದಲ್ಲಿ, ನಮ್ಮೂರಿನ ಬಣ್ಣದ ಕಾರ್ಖಾನೆ ಶುರುವಾಗಿದ್ದೇ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತ. ಲ್ಯಾಕ್ ಅಂದ್ರೆ ಈ ಅರಗೇ. 1962ರ ಚುನಾವಣೆಯಿಂದ ಬೆರಳಿಗೆ ಹಚ್ಚೋ ಶಾಯಿನೂ ಅಲ್ಲೇ ಆಗ್ತಿರೋದು."

"ಅರಗು ಹಳೇ ಕಾಲದ್ದು ಮೇಷ್ಟ್ರೇ. ಬಿಸಿ ಲೋಟ ಇಟ್ರೆ ಬಿಳೀ ಕಲೆ."

"ಶೀನಾ," ಅಂದ ವೆಂಕಣ್ಣ, "ತೇಗದಲ್ಲಿ ಎಣ್ಣೆ ಅಂಶ ಇರತ್ತಲ್ಲ. ನಿನ್ನ ನೀರಿನ ಪಿಯು ಅದಕ್ಕೆ ನೇರವಾಗಿ ಹಿಡಿದುಕೊಳ್ತಾ?"

ಶೀನ ಕಾಫಿ ಕುಡಿಯೋದರಲ್ಲಿ ತುಂಬಾ ಆಸಕ್ತಿ ತೋರಿಸಿದ. "ಅದಕ್ಕೆ... ಕೆಳಗೆ ಒಂದು ಸೀಲರ್ ಕೊಟ್ಟಿದೀನಿ."

"ಯಾವ ಸೀಲರ್ರು?"

"ಮೇಣ ತೆಗೆದಿರೋದು."

"ಏನರ ಮೇಣ ತೆಗೆದಿರೋದು?"

"ಅರಗಿಂದು."

ಮೇಷ್ಟ್ರು ಶಲ್ಯ ಸರಿಮಾಡಿಕೊಂಡರು. ಪುಟ್ಸಾಮಿ ನಕ್ಕ ರಭಸಕ್ಕೆ ಕಾಫಿ ನೆಲಕ್ಕೆ ಚೆಲ್ಲಿತು. ನೆಲಕ್ಕಂತೂ ಯಾವ ಕೋಟೂ ಇರಲಿಲ್ಲ, ಒರೆಸಿದರೆ ಹೋಯಿತು.

"ತಳದಲ್ಲಿ ತಾತನ ಅರಗು, ಮೇಲೆ ಮೊಮ್ಮಗನ ಪಿಯು," ಅಂದ ವೆಂಕಣ್ಣ. "ಹೆಸರು ಮಾತ್ರ ಮೊಮ್ಮಗಂದು." ಮೇಜಿನ ಬಲಮೂಲೆಯ ಮೇಲೆ ಗಾಳಿಯಲ್ಲೇ ಬೆರಳಾಡಿಸಿ, ಶೀನನ ಕಡೆ ತಿರುಗಿದ. "ಇಲ್ಲಿ ಉಂಗುರಗಳಿದ್ವಲ್ಲೋ."

"ಯಾವ ಉಂಗುರ?"

"ನಿಮ್ಮಪ್ಪನ ಲೋಟದ್ದು. ಒಂದರ ಮೇಲೊಂದು, ಬೆಳ್ಳಗೆ. ದಿನಾ ಅದೇ ಜಾಗದಲ್ಲಿ ಇಡೋರು, ಎಡಕ್ಕೆ ಪೇಪರ್ರು, ಬಲಕ್ಕೆ ಲೋಟ. ಪದಬಂಧ ಬಿಡಿಸೋವಾಗ ಒತ್ತಿ ಬರೆದು ಅಕ್ಷರ ಮೇಜಿನ ಮೇಲೆ ಮೂಡಿತ್ತು. 'ಕ' ಒತ್ತು 'ಷ'ದ ಹಾಗೆ ಏನೋ ಒಂದು."

"ಅದು ಆಳವಾಗಿತ್ತು," ಅಂದ ಶೀನ. "80ನೇ ನಂಬರ್ ಪೇಪರ್ ಹಾಕಬೇಕಾಯ್ತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ತಪ್ಪಲ್ಲ ಬಿಡು," ಅಂದ ವೆಂಕಣ್ಣ. "ಆದ್ರೂ ದೇಶಕ್ಕೆಲ್ಲ ಅಳಿಸದ ಶಾಯಿ ಕಳಿಸೋ ಊರಲ್ಲಿ ಕೂತುಕೊಂಡು, ಏನು ಮಾಡಿದ್ರೂ ಗುರುತು ಬೀಳದ ಮೇಜು ಮಾಡಿದೀಯಲ್ಲ, ಅದಕ್ಕೆ ಹೇಳಿದೆ. ನಾಳೆ ನಾನು ಇಲ್ಲಿ ಕೂತಿದ್ದೆ ಅಂತ ಸಾಕ್ಷಿ ಹೇಳೋಕೆ ನೀನೇ ಇರಬೇಕು. ನಿನ್ನ ಜ್ಞಾಪಕಶಕ್ತಿ ನನಗೆ ಗೊತ್ತಿದೆ."

"ನೆನ್ನೆ ಈಸ್ಕೊಂಡ ನೂರು ರೂಪಾಯೇ ಅವ್ನಿಗೆ ಗ್ಯಾಪ್ಕ ಇಲ್ಲ," ಅಂದ ಪುಟ್ಸಾಮಿ.

ಅಷ್ಟು ಹೊತ್ತಿಗೆ ವನಜಮ್ಮ ಮಾರ್ಕೆಟ್ಟಿಂದ ಬಂದರು. ಕೈಯಲ್ಲಿ ಸುರುಳಿ ಸುತ್ತಿದ ದಪ್ಪ ಪ್ಲಾಸ್ಟಿಕ್ ಹಾಳೆ.

"ಮೇಜಿಗೆ ತಂದೆ. ಇಷ್ಟು ಕಷ್ಟಪಟ್ಟು ಮಾಡಿದಾರೆ, ಕಲೆ ಆಗಬಾರದು ನೋಡಿ," ಅಂತ ಒಂದು ಮೊಳ ಬಿಚ್ಚಿ ತೋರಿಸಿದರು. "ಹೂವಿಂದಿತ್ತು, ಹಣ್ಣಿಂದಿತ್ತು. ಇವರಿಗೆ ನ್ಯಾಚುರಲ್ ಇಷ್ಟ ಅಂತ ಮರದ ಡಿಸೈನೇ ತಂದೆ. ಗೆರೆಗೆರೆ ಎಲ್ಲ ಥೇಟ್ ತೇಗದ ಹಾಗೇ ಇದೆ, ಅಲ್ವಾ ವೆಂಕಣ್ಣನವರೇ?"

"ಬಹಳ ಚೆನ್ನಾಗಿದೆಯಮ್ಮ," ಅಂದ ವೆಂಕಣ್ಣ. "ಇದಕ್ಕೆ ಎಷ್ಟು ಕೋಟು ಹೊಡೀಬೇಕಂತೆ?"